ಸೊನ್ನೆ ಲೀಟರ್

ಊರಿನ ಆರೋಗ್ಯ ಕೇಂದ್ರಕ್ಕೆ ಸೋಲಾರ್ ಕೇಳಲು ಪಂಚಾಯಿತಿ ಅಧ್ಯಕ್ಷೆ ಶರಣವ್ವ ಮೂರನೇ ಸಲ ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತಿದ್ದಳು. ಕರೆಂಟ್ ಕೈಕೊಟ್ಟಾಗಲೆಲ್ಲ ಕೇಂದ್ರದಲ್ಲಿ ನರ್ಸಮ್ಮ ಮೊಬೈಲ್ ಬೆಳಕಿನಲ್ಲೇ ಹೆರಿಗೆ ಮಾಡಿಸುತ್ತಿದ್ದಳು. ಬರುವ ತಿಂಗಳು ಶರಣವ್ವನ ಸೊಸೆಯದೇ ಸರದಿ.

ಹವಾಮಾನ ಬದಲಾವಣೆ ವಿಭಾಗದ ಸಾಹೇಬರು ಅರ್ಜಿ ತಿರುವಿದರು. “ಕಳೆದ ವರ್ಷ ಸುಟ್ಟ ಡೀಸೆಲ್ ಎಷ್ಟು ಅನ್ನೋ ಕಡೆ ಸೊನ್ನೆ ಬರದೀರಲ್ರಿ, ಅಧ್ಯಕ್ಷರ?”

“ಜನರೇಟರ್ರೇ ಇಲ್ರಿ ಸಾಹೇಬ್ರ. ಏನು ಸುಡೂಣು?”

“ಹೊಗೆ ಕಡಿಮೆ ಮಾಡ್ತೀವಿ ಅಂತ ದೇಶ ಜಗತ್ತಿನ ಮುಂದ ಮಾತು ಕೊಟ್ಟದ. ಡೀಸೆಲ್ ನೂರಕ್ಕ ನಲವತ್ತು ಇಳಿಸಿದ ಊರಿಗಷ್ಟೇ ಸೋಲಾರ್. ನೀವು ಎದರಾಗಿಂದ ಇಳಿಸ್ತೀರಿ?”

“ಉಪವಾಸ ಇದ್ದವಗ ಪಥ್ಯ ಹೇಳಿದಂಗಾತಲ್ರಿ!”

ಸಾಹೇಬರು ನಕ್ಕರು. ಪೆನ್ನನ್ನು ಗಲ್ಲಕ್ಕೆ ಒತ್ತಿಕೊಂಡು ಬಹಳ ಹೊತ್ತು ಯೋಚಿಸಿದರು. “ಚಿಂತಿ ಬಿಡ್ರಿ. ನಿಮ್ಮೂರನ್ನ ಪಟ್ಟಿಯಿಂದ ಕೈಬಿಡಾಂಗಿಲ್ಲ,” ಎಂದು ಅಲ್ಲೇ ಆದೇಶ ಬರೆಸಿ ಸಹಿ ಹಾಕಿದರು. ಇಂಥ ಅಧಿಕಾರಿಗಳೂ ಇದ್ದಾರಲ್ಲ ಎಂದು ಶರಣವ್ವ ಮನಸ್ಸಿನಲ್ಲೇ ಕೈಮುಗಿದಳು.

ಎಂಟೇ ದಿನಕ್ಕೆ ಆರೋಗ್ಯ ಕೇಂದ್ರದ ಮುಂದೆ ಲಾರಿ ಬಂದು ನಿಂತಿತು. ಶರಣವ್ವ ಆರತಿ ತಟ್ಟೆ ಹಿಡಿದೇ ಓಡಿದಳು. ಆರು ಮಂದಿ ಹಗ್ಗ ಹಾಕಿ ಕೆಳಗಿಳಿಸಿದ್ದು ಎಮ್ಮೆಯಷ್ಟು ದೊಡ್ಡ ಡೀಸೆಲ್ ಜನರೇಟರನ್ನು. ಅದಕ್ಕೆ ಅಂಟಿಸಿದ್ದ ಪತ್ರವನ್ನು ನರ್ಸಮ್ಮ ಗಟ್ಟಿಯಾಗಿ ಓದಿದಳು:

“ಇದನ್ನು ಒಂದು ವರ್ಷ, ಕರೆಂಟ್ ಇದ್ದಾಗಲೂ, ಬಿಡದೆ ಓಡಿಸತಕ್ಕದ್ದು. ಮುಂದಿನ ವರ್ಷ ನಿಲ್ಲಿಸಿದ ಕೂಡಲೇ ಸೋಲಾರ್ ಮಂಜೂರು ಮಾಡಲಾಗುವುದು.”