ಐವತ್ತಮೂರು ಗಂಟೆಗಳ ಹಾಜರಿ

ಮಂಗಳವಾರ ಬೆಳಿಗ್ಗೆ 6.12ಕ್ಕೆ ಸಿಲೇಸಿಯಾದ ಕಲ್ಲಿದ್ದಲು ಗಣಿಯೊಂದರ ಛಾವಣಿ ಕುಸಿದು ಏಳು ಜನ ಒಳಗೆ ಸಿಕ್ಕಿಕೊಂಡರು. 6.20ಕ್ಕೆ ಧೂಳಿನೊಳಗಿಂದ ತಂಡದ ನಾಯಕ ಗೆರಾರ್ಡ್ ಪಿಕಾನ ದನಿ ಕೇಳಿತು: ದೀಪ ಆರಿಸಿ, ಬ್ಯಾಟರಿ ಉಳಿಸಿ, ನನ್ನ ಕಡೆ ಯಾರೂ ತೆವಳಬೇಡಿ. ಅಲ್ಲಿಂದಾಚೆಗೆ ಆ ದನಿ ಗಂಟೆಗೊಮ್ಮೆ ಹೆಸರು ಹಿಡಿದು ಹಾಜರಿ ಕರೆಯಿತು. ಗುರುವಾರ 11.05ಕ್ಕೆ ರಕ್ಷಕರು ತಲುಪಿದಾಗ, ತಂಡದವರಿಗೆ ‘ಮೊದಲು ನೀವು ಹೊರಡಿ’ ಎಂದಿತು. ಆರು ಜನ ಜೀವಂತ ಬಂದರು. ಕೊನೆಗೆ ಬಂದದ್ದು ಗೆರಾರ್ಡ್‌ನ ಹೆಣ.

ಸೋಮವಾರ, ವಿಚಾರಣಾಧಿಕಾರಿಯಾದ ಗಣಿ ಇಂಜಿನಿಯರ್ ಲುಡ್ವಿಕಾಳ ಮೇಜಿನ ಮೇಲೆ ಬದುಕಿ ಬಂದವರಲ್ಲಿ ಐವರ ಅರ್ಜಿಯಿತ್ತು: ಆರನೆಯವನಾದ ಎವಾಲ್ಡ್‌ನನ್ನು ಇನ್ನು ಗಣಿಗೆ ಇಳಿಸಬಾರದು. ಅವಳು ಸಹಿ ಹಾಕಿದರೆ ಇಪ್ಪತ್ತು ವರ್ಷಗಳ ಅವನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಐವರ ಹೇಳಿಕೆಗಳೂ ಅಕ್ಷರಶಃ ಹೊಂದುತ್ತಿದ್ದವು. ಗೆರಾರ್ಡ್‌ನ ದನಿ ಒಮ್ಮೆಯೂ ನಡುಗಲಿಲ್ಲ. ಅಳುವವನನ್ನು ಬೈದ, ನಿದ್ದೆಗೆ ಜಾರುವವನನ್ನು ಎಬ್ಬಿಸಿದ. ಈಗಲೂ ಗಂಟೆಗೊಮ್ಮೆ ಅವನು ಕರೆದಂತಾಗಿ ಬೆಚ್ಚಿ ‘ಇದ್ದೀನಿ’ ಎನ್ನುತ್ತೇವೆ ಎಂದು ಇಬ್ಬರು ಒಪ್ಪಿಕೊಂಡರು.

“ಆ ಎವಾಲ್ಡ್ ಮಾತ್ರ ತುಟಿ ಬಿಚ್ಚಲಿಲ್ಲ,” ಎಂದ ಐವರಲ್ಲಿ ಹಿರಿಯನಾದ ಯೋಖಿಮ್. “ಮೇಲೆ ಬಟ್ಟೆ ಬದಲಾಯಿಸೋ ಕೋಣೇಲಿ ದೊಡ್ಡ ನಟ. ಗೆರಾರ್ಡ್ ಥರಾನೇ ಬೈದು ನಮ್ಮನ್ನ ನಗಿಸ್ತಿದ್ದ. ಕೆಳಗೆ ಬಾಯಿಗೆ ಬೀಗ. ‘ಎವಾಲ್ಡ್ ನನ್ನ ಪಕ್ಕದಲ್ಲಿದ್ದಾನೆ, ಬಿಡ್ರೋ’ ಅಂತ ಗೆರಾರ್ಡೇ ಅವನ ಹಾಜರಿ ಹೇಳ್ಬೇಕಾಯ್ತು.”

ಎವಾಲ್ಡ್ ಬಂದು ಕುಳಿತ. ಗಂಟಲು ಪೂರ್ತಿ ಕಟ್ಟಿತ್ತು, ಪಿಸುಮಾತಷ್ಟೇ ಹೊರಡುತ್ತಿತ್ತು.

“ಅವರು ಹೇಳಿದ್ದು ನಿಜವೇ?”

“ನಿಜ, ಇಂಜಿನಿಯರಮ್ಮ. ಎವಾಲ್ಡ್ ಒಂದು ಮಾತೂ ಆಡಲಿಲ್ಲ.” ಆಮೇಲೆ ಅವನೇ ಕೇಳಿದ: “ಅವರ ಹೇಳಿಕೇನ ಗೆರಾರ್ಡ್ ಹೆಂಡತಿಗೆ ಓದಿ ಹೇಳಿದ್ರಾ?”

“ಹೇಳಿದೆ.”

“ಹಾಗಾದ್ರೆ ಸರಿ. ಅದನ್ನ ತಿದ್ದೋದು ಬೇಡ.”

ನಮೂನೆಯಲ್ಲಿ ‘ನಾಯಕತ್ವದ ಗುಣಗಳು’ ಎಂಬ ಅಂಕಣವಿತ್ತು. ಗೆರಾರ್ಡ್‌ನ ಹೆಸರಿನ ಮುಂದೆ ಲುಡ್ವಿಕಾ ಬರೆದಳು: ಸ್ಪಷ್ಟ ಆದೇಶ, ಸ್ಥಿರ ದನಿ, ಪ್ರತಿಯೊಬ್ಬರ ಲೆಕ್ಕ, ತನಗಿಂತ ಮೊದಲು ತಂಡ. ಎವಾಲ್ಡ್‌ನ ಮುಂದೆ: ಯಾವುದೂ ಇಲ್ಲ.

ಸಹಿಗೆ ಮುನ್ನ ಶವಪರೀಕ್ಷೆಯ ವರದಿಯನ್ನು ಲಗತ್ತಿಸಬೇಕಿತ್ತು. ಲಕೋಟೆ ಒಡೆದಳು.

ಗೆರಾರ್ಡ್ ಪಿಕಾ. ಬಂಡೆ ಬಿದ್ದು ಎದೆಗೂಡು ಜಜ್ಜಿ ತತ್‌ಕ್ಷಣ ಸಾವು: ಮಂಗಳವಾರ, ಬೆಳಿಗ್ಗೆ 6.12.