ವಾರಸುದಾರರಿಲ್ಲದ ಸರ್ವರ್

ಗಾಜಿನ ಕೋಣೆಯಲ್ಲಿ ಮತ್ತೆ ಅವರಿಬ್ಬರೇ. ಬಾಸ್ ಮತ್ತು ಹೊಸಬಳು. ಬಾಗಿಲು ಹಾಕಿಕೊಂಡು ಅರ್ಧ ಗಂಟೆಯಾಗಿತ್ತು. ಹಳೇ ಹುಲಿ ಕತ್ತು ಚಾಚಿ ನೋಡಿದ. ಅವಳು ಏನೋ ಹೇಳಿದಳು, ಬಾಸ್ ತಲೆಯಾಡಿಸಿದರು, ಇಬ್ಬರೂ ಒಟ್ಟಿಗೆ ಇವನತ್ತ ತಿರುಗಿದರು. ಇವನ ಮೈಯೆಲ್ಲ ಉರಿದುಹೋಯಿತು.

ಹಳೇ ಹುಲಿ ಎಂದು ಹೆಸರಿಟ್ಟವರು ಆಫೀಸಿನವರೇ. ಐದೇ ಜನರ ಕಂಪನಿ. ಹಲ್ಲಿನ ಡಾಕ್ಟರುಗಳಿಗೆ ಅಪಾಯಿಂಟ್‌ಮೆಂಟ್ ಆ್ಯಪ್ ಮಾಡಿಕೊಡುತ್ತಿತ್ತು. ಆ್ಯಪ್ ಓಡುವುದು ಬಾಡಿಗೆಗೆ ಪಡೆದ ಕ್ಲೌಡ್ ಸರ್ವರ್‌ಗಳ ಮೇಲೆ. ಮೊದಲ ದಿನದಿಂದ ಅವನ್ನು ಸಾಕಿ ಸಲಹಿದವನು ಇವನು. ಮೊನ್ನೆ ಮೊನ್ನೆ ಬಂದ ಹುಡುಗಿ ಆರೇ ತಿಂಗಳಲ್ಲಿ ಬಾಡಿಗೆಯನ್ನು ಮೂರನೇ ಒಂದು ಭಾಗ ಇಳಿಸಿಬಿಟ್ಟಳು. ಏನು ಮಹಾ ಮಾಡಿದಳು? ಕೆಲಸವಿಲ್ಲದೆ ಓಡುತ್ತಿದ್ದವನ್ನು ನಿಲ್ಲಿಸಿದಳು. ಯಾರೂ ಇಲ್ಲದ ಕೋಣೆಯ ಫ್ಯಾನ್ ಆರಿಸಿದರೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ? ಬಾಸ್ ತಟ್ಟಿದ್ದರು.

ತಿಂಗಳ ಕೊನೆಗೆ ತಂಡಕ್ಕೊಬ್ಬರು ಲೀಡ್ ಆಗಬೇಕಿತ್ತು. ಇವನಿಗೆ ಸಿಗದಿದ್ದರೆ ಅವಳ ಕೈಕೆಳಗೆ ದುಡಿಯಬೇಕು. ಯೋಚಿಸಿದರೇ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಅವಳು ಇವನ ಮೇಜಿನ ಬಳಿ ಬಂದಿದ್ದಳು.

“ಸರ್, ಕ್ಲಿನಿಕ್ ಮುಚ್ಚಿರೋ ಹೊತ್ತಲ್ಲಿ ಸರ್ವರ್‌ಗಳನ್ನ ಮಲಗಿಸೋಕೆ ನೀವೊಂದು ಪ್ಲಾನ್ ಬರೆದಿದ್ರಂತಲ್ಲ. ಕೊಡ್ತೀರಾ?”

ಮೂರು ವರ್ಷದ ಹಿಂದೆ ಬಾಸ್ ಓದದೆ ಬದಿಗಿಟ್ಟಿದ್ದ ಪ್ಲಾನ್ ಅದು. ಕೊಟ್ಟ. ಮಾರನೆಯ ದಿನವೇ ಪಟ್ಟಿಯಲ್ಲಿ ಹೊಸ ಸರ್ವರ್ ಒಂದು ಕಾಣಿಸಿಕೊಂಡಿತು. ಅದರ ಮೇಲೆ ಅವಳ ಹೆಸರು. ಒಳಗೆ ಇಣುಕಿದರೆ ಇವನದೇ ಪ್ಲಾನ್, ಅಕ್ಷರ ಬಿಡದೆ, ಪ್ರಯೋಗಕ್ಕೆ ಓಡುತ್ತಿತ್ತು. ಕದಿಯುವುದನ್ನೂ ಕೇಳಿ ಕದಿಯುತ್ತಾಳಲ್ಲ ಎಂದು ಹಲ್ಲು ಕಡಿದ. ಎರಡು ತಿಂಗಳು ಕಡಿಯುತ್ತಲೇ ಇದ್ದ.

ಆ ಆಫೀಸಿನಲ್ಲೊಂದು ಪದ್ಧತಿ. ಪ್ರತಿ ಸರ್ವರ್‌ಗೂ ಅದನ್ನು ಎಬ್ಬಿಸಿದವರ ಹೆಸರು ಅಂಟಿಸಬೇಕು. ಹೆಸರಿಲ್ಲದ್ದು ಶುಕ್ರವಾರ ನಾಲ್ಕಕ್ಕೆ ತಾನಾಗಿ ನಿಲ್ಲುತ್ತದೆ. ವಾರವಿಡೀ ಯಾರೂ ಕೂಗಾಡದಿದ್ದರೆ ಮುಂದಿನ ಶುಕ್ರವಾರ ಅಳಿಸಿಹೋಗುತ್ತದೆ. ಪ್ರಯೋಗದ ಸರ್ವರ್‌ಗೆ ನಕಲು ಇಡುವಂತಿಲ್ಲ, ದಂಡದ ಖರ್ಚು. ಇನ್ನು ಲಾಗಿನ್, ಐದೂ ಜನರಿಗೆ ಒಂದೇ. ಯಾರು ಏನು ಮಾಡಿದರೆಂದು ದೇವರಿಗೂ ತಿಳಿಯದು.

ಅವಳು ತಾಯಿಯ ಮಂಡಿ ಆಪರೇಷನ್ನಿಗೆಂದು ಹತ್ತು ದಿನ ರಜೆ ಹಾಕಿ ಗುರುವಾರ ಬೆಳಗ್ಗೆ ಹೊರಟಳು.

“ಅಮ್ಮನ್ನ ಚೆನ್ನಾಗಿ ನೋಡಿಕೊಳ್ಳಮ್ಮ. ಇಲ್ಲಿಯ ಚಿಂತೆ ಬಿಡು,” ಎಂದ ಹಳೇ ಹುಲಿ.

ಅವಳ ಆಟೊ ತಿರುವು ದಾಟಿರಲಿಲ್ಲ, ಇವನು ಆ ಸರ್ವರ್‌ನ ಮೇಲಿದ್ದ ಅವಳ ಹೆಸರು ಕಿತ್ತುಹಾಕಿದ. ಒಂದು ಶುಕ್ರವಾರ ಅದು ನಿಂತಿತು. ಮರು ಶುಕ್ರವಾರ ಇಲ್ಲವಾಯಿತು. ಕೂಗುವವರು ಯಾರೂ ಇರಲಿಲ್ಲ. ಅಂದು ಹಳೇ ಹುಲಿ ಹೊಟ್ಟೆತುಂಬ ಉಂಡ.

ಸೋಮವಾರ ಬಾಸ್ ಇಬ್ಬರನ್ನೂ ಗಾಜಿನ ಕೋಣೆಗೆ ಕರೆದರು.

“ಹೂಡಿಕೆದಾರರು ಮಧ್ಯಾಹ್ನ ಬರ್ತಾರೆ. ಎರಡು ತಿಂಗಳ ಫಲಿತಾಂಶ ತೋರಿಸಮ್ಮ.”

ಅವಳ ಮುಖ ಬಿಳಿಚಿಕೊಂಡಿತ್ತು. “ಸರ್ವರ್ ಅಳಿಸಿಹೋಗಿದೆ ಸರ್. ಫಲಿತಾಂಶ ಎಲ್ಲ ಅದರಲ್ಲೇ ಇತ್ತು. ತಪ್ಪು ನಂದೇ.”

ಹಳೇ ಹುಲಿ ನಗು ಕಾಣಬಾರದೆಂದು ತಲೆ ತಗ್ಗಿಸಿದ. ಬಾಸ್ ಇವನತ್ತ ತಿರುಗಿದರು.

“ಲೀಡ್ ಕೆಲಸ ತನಗೆ ಬೇಡ ಅಂತ ಇವಳು ಮೊದಲೇ ಹೇಳಿದ್ಳು. ನಿಮಗೇ ಕೊಡಬೇಕು ಅಂತ ಒಂದೇ ಹಟ. ನಿಮ್ಮ ಪ್ಲಾನ್ ಕೆಲಸ ಮಾಡುತ್ತೆ ಅನ್ನೋದಕ್ಕೆ ಹೂಡಿಕೆದಾರರು ಪುರಾವೆ ಕೇಳಿದ್ರು. ಇನ್ನು ನನ್ನ ಕೈಲಿ ಏನಿಲ್ಲ, ಅವರೇ ಹೊರಗಿನಿಂದ ಯಾರನ್ನೋ ಲೀಡ್ ಮಾಡಿ ಕಳಿಸ್ತಾರೆ.”

ಅವಳು ಕಣ್ಣೊರೆಸಿಕೊಂಡಳು. “ಕ್ಷಮಿಸಿ ಸರ್. ಹೊರಡೋ ಮುಂಚೆ ಸರ್ವರ್ ಮೇಲೆ ನನ್ನ ಹೆಸರು ತೆಗೆದು ನಿಮ್ಮ ಹೆಸರು ಹಾಕೋಣ ಅಂತಿದ್ದೆ. ಗಡಿಬಿಡಿಯಲ್ಲಿ ತೆಗೆದಷ್ಟೇ ಆಯ್ತೋ ಏನೋ.”