ಸೊಂಟದ ಹಿಂದಿನ ಸಮುದ್ರ

ಗುನ್ವೋರ್ ಆಲೂಗಡ್ಡೆ ತುರಿಯುತ್ತಿದ್ದಳು. ಎದುರಿಗೆ ಕೂತಿದ್ದ ಗೆಳತಿ ಓಗೋತ್ ಬಂದಾಗಿನಿಂದ ಕೇಳುತ್ತಿದ್ದುದನ್ನೇ ಮತ್ತೆ ಕೇಳಿದಳು.

"ಬರೆದೆಯೇನೇ ಅವರಿಗೆ?"

"ಇಲ್ಲ. ಬರೋ ವಾರದೊಳಗೆ ಪತ್ರ ಸೇರದಿದ್ರೆ ಬೇರೆ ಚಿತ್ರ ಹಾಕ್ತಾರಂತೆ."

"ಹಾಗಾದ್ರೆ ಬರಿ. ಏನೂ ತಿದ್ದಿಲ್ಲ ಅಂತ ಒಂದು ಸಾಲು. ಅಷ್ಟಕ್ಕೆ ನಿನ್ನ ಕೈ ಬಿದ್ದುಹೋಗುತ್ತಾ?"

ಅಂದು ಗುರುವಾರ, ಬೆರ್ಗೆನ್ನಿನಲ್ಲಿ ಊರಿಗೆ ಊರೇ ಆಲೂಗಡ್ಡೆ ಉಂಡೆ ಬೇಯಿಸುವ ದಿನ. ಒಲೆಯ ಮೇಲೆ ಉಪ್ಪು ಹಾಕಿಟ್ಟಿದ್ದ ಕುರಿಮಾಂಸ ಕುದಿಯುತ್ತಿತ್ತು. ಮೇಜಿನ ತುದಿಯಲ್ಲಿ, ತುರಿ ಸಿಡಿಯದಷ್ಟು ದೂರದಲ್ಲಿ, ಉಣ್ಣೆ ಗಿರಣಿಯವರ ಪತ್ರವೂ ಅದರ ಜೊತೆ ಬಂದಿದ್ದ ಚಿತ್ರವೂ ಇದ್ದವು. ಅರವತ್ತೇಳನೆಯ ಇಸವಿಯ ಜಾಹೀರಾತು ಅದು. ಕಡಲಿನ ದಂಡೆಯಲ್ಲಿ ಸ್ವೆಟರ್ ತೊಟ್ಟು ನಗುತ್ತ ನಿಂತ ಹುಡುಗಿ. ಈ ಚಳಿಗಾಲ ಟ್ರಾಮ್ ನಿಲ್ದಾಣಗಳಲ್ಲೆಲ್ಲ ಅದನ್ನೇ ಮತ್ತೆ ಹಾಕುವುದು ಗಿರಣಿಯವರ ಆಸೆ. ಆದರೆ ಈಗ ಕಾನೂನು ಬೇರೆ. ಜಾಹೀರಾತಿನಲ್ಲಿ ಮನುಷ್ಯರ ಮೈಕಟ್ಟನ್ನು ತಿದ್ದಿದ್ದರೆ, ತಿದ್ದಿದ್ದೇವೆ ಎಂದು ಮೂಲೆಯಲ್ಲಿ ಗುರುತು ಹಾಕಲೇಬೇಕು. ತಿದ್ದಿದೆಯೋ ಇಲ್ಲವೋ ಎಂದು ಹೇಳಬಲ್ಲವಳು ಗುನ್ವೋರ್ ಒಬ್ಬಳೇ. ಆ ಕಾಲದಲ್ಲಿ ಸ್ಟುಡಿಯೋದಲ್ಲಿ ಕುಂಚ ಹಿಡಿದು ಫೋಟೊ ತಿದ್ದುತ್ತಿದ್ದವಳು ಅವಳು.

ಚಿತ್ರದ ಹುಡುಗಿ ಓಗೋತ್. ಆಗೆಲ್ಲ ಗಿರಣಿಯವರು ಜಾಹೀರಾತಿಗೆಂದು ಹೊರಗಿನ ಚೆಲುವೆಯರನ್ನು ಕರೆಸುತ್ತಿರಲಿಲ್ಲ. ನೂಲುವ ಹುಡುಗಿಯರಲ್ಲೇ ಒಬ್ಬಳನ್ನು ಯಂತ್ರದ ಮುಂದಿನಿಂದ ಕರೆದು, ಕೂದಲಿಗೆ ಹತ್ತಿದ ಉಣ್ಣೆಯ ಎಳೆ ಕೊಡವಿ, ಸ್ವೆಟರ್ ತೊಡಿಸಿ ನಿಲ್ಲಿಸುತ್ತಿದ್ದರು. ಕೂಲಿಯೆಂದರೆ ಆ ಸ್ವೆಟರೇ.

"ಫೋಟೊದವನು ಕೂಗ್ತಾನೇ ಇದ್ದನಂತೆ, ಹೊಟ್ಟೆ ಒಳಗೆ ಎಳಕೋ ಅಂತ," ಎಂದಳು ಗುನ್ವೋರ್.

"ಎಳಕೊಳ್ಳೋಕೆ ಆಗಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ?"

ಇಬ್ಬರೂ ನಕ್ಕರು. ಚಿತ್ರ ತೆಗೆದ ಮರುದಿನ ಸಂಜೆ ಓಗೋತ್ ಸ್ಟುಡಿಯೋದ ಹಿಂಬಾಗಿಲಿಗೆ ಬಂದಿದ್ದಳು. ಐದು ತಿಂಗಳು ತುಂಬಿತ್ತು. ಅವಳ ಹುಡುಗ ತೋರ್ಲೈವ್ ಹಡಗಿನಲ್ಲಿದ್ದ; ಮದುವೆ ಏನಿದ್ದರೂ ಅವನು ಬಂದ ಮೇಲೆ. ಗಿರಣಿಯ ದೊಗಳೆ ಅಂಗಿ ಮುಚ್ಚಿಟ್ಟದ್ದನ್ನು ಸ್ವೆಟರ್ ಮುಚ್ಚಿರಲಿಲ್ಲ, ಮೇಲ್ವಿಚಾರಕನ ಕಣ್ಣಿಗೆ ಬಿದ್ದರೆ ಕೆಲಸ ಹೋಗುತ್ತಿತ್ತು. ಗುನ್ವೋರ್ ಏನೊಂದೂ ಕೇಳಿರಲಿಲ್ಲ. ಕುಂಚದ ತುದಿಯನ್ನು ತುಟಿಗಳ ನಡುವೆ ಎಳೆದು ಮೊನೆ ಮಾಡಿಕೊಂಡು ಕೂತುಬಿಟ್ಟಿದ್ದಳು. ಅವರ ಗೆಳೆತನ ಶುರುವಾದದ್ದು ಹಾಗೆ.

"ಮದುವೆಗೆ ಮುಂಚೆ ಅಂತ ಈಗ ಯಾರು ಏನಂತಾರೆ?" ಎಂದಳು ಗುನ್ವೋರ್. "ನಿನ್ನ ಮಗಳು ಸುನ್ನಿವಾನೇ ಎರಡು ಹೆತ್ತ ಮೇಲೆ ಮದುವೆ ಆದವಳು."

"ಅದಲ್ಲ ಕಣೇ. ಆ ಚಿತ್ರಾನ ಅವಳು ಅಡುಗೆಮನೇಲಿ ತೂಗುಹಾಕಿದಾಳೆ. ತಾನು ಹುಟ್ಟೋಕೆ ಎಷ್ಟೋ ಮುಂಚಿನದು ಅಂತ ತಿಳಿದಿದಾಳೆ, ನಾನೇ ಹಾಗೆ ಹೇಳಿದ್ದು. ಟ್ರಾಮ್ ನಿಲ್ದಾಣದಲ್ಲಿ ಅಮ್ಮ ಯಾವಾಗ ಬರ್ತಾಳೆ ಅಂತ ದಿನಾ ಫೋನು. ಗುರುತು ಬಿದ್ರೆ ಏನಕ್ಕೆ ಅಂತ ಕೇಳದೆ ಬಿಡ್ತಾಳಾ? ಹೊಟ್ಟೇಲಿ ಅವಳು ಇದಾಳೆ ಅಂತಲೇ ನಾಚಿಕೊಂಡಿದ್ದೆ ಅಂತ ಗೊತ್ತಾಗುತ್ತಲ್ಲ."

"ಸುಳ್ಳು ನಾನು ಬರೆಯೋಲ್ಲ. ನೀನು ಬೇಡ ಅಂದ್ರೆ ಬರೆಯೋದೇ ಇಲ್ಲ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದದ್ದು."

ಓಗೋತ್ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಸೊಂಟದ ಪಕ್ಕದಲ್ಲಿ ಬೆರಳಿಟ್ಟಳು. "ಇಲ್ಲಿ ಏನು ಬರೆದೆ?"

"ಸಮುದ್ರ. ಹೊಟ್ಟೆ ಇದ್ದ ಕಡೆ ನೀರು ಬರೆದೆ. ಅಲೆಗೆ ಅಲೆ ಕೂಡಿಸೋದೇ ಕಷ್ಟ ಆಯ್ತು. ನೋಡು, ಅಷ್ಟು ನೀರು ಮಾತ್ರ ತುಸು ತೆಳು."

"ಎಷ್ಟಿದ್ಲು?"

ಗುನ್ವೋರ್ ತುರಿ ಮೆತ್ತಿದ ಅಂಗೈಗಳನ್ನು ಎತ್ತಿ ಗಾಳಿಯಲ್ಲಿ ಹಿಡಿದಳು. ಅವೆರಡರ ನಡುವಿನ ಜಾಗವನ್ನು ಓಗೋತ್ ತುಂಬ ಹೊತ್ತು ನೋಡಿದಳು. ಆ ದಿನಗಳ ಇನ್ನೊಂದು ಚಿತ್ರ ಅವಳಲ್ಲಿರಲಿಲ್ಲ.

"ಅವತ್ತು ಒದೀತಾ ಇದ್ಲು," ಎಂದಳು. "ಮೊದಲನೇ ಸಲ. ಎಷ್ಟು ಚೆಂದದ ನಗು ಅಂತಾರಲ್ಲ ಎಲ್ಲರೂ, ಅದು ಅದಕ್ಕೇ."

ಒಲೆಯ ಮೇಲಿನ ಮುಚ್ಚಳ ಗಡಗಡ ಅಂದಿತು. ಇಬ್ಬರೂ ಏಳಲಿಲ್ಲ.

"ಬರಿ," ಎಂದಳು ಓಗೋತ್.

"ಏನಂತ?"

"ತಿದ್ದಿದ್ದೆ ಅಂತ."

ಗುನ್ವೋರ್ ಕೈ ಒರೆಸಿಕೊಂಡು ಎರಡು ಸಾಲು ಬರೆದು ಸಹಿ ಹಾಕಿದಳು. ತುರಿದ ಆಲೂಗಡ್ಡೆ ಕಪ್ಪಾದರೆ ಆಗಲಿ ಎಂದು ಒಲೆ ಆರಿಸಿ, ಕೋಟು ತೊಟ್ಟು ಇಬ್ಬರೂ ಇಳಿಜಾರಿನಲ್ಲಿ ಕೈ ಕೈ ಹಿಡಿದುಕೊಂಡು ಮೂಲೆಯ ಕೆಂಪು ಅಂಚೆಪೆಟ್ಟಿಗೆಯವರೆಗೆ ಹೋದರು. ಗುನ್ವೋರ್ ಪತ್ರವನ್ನು ಅರ್ಧ ಒಳಗೆ ತೂರಿಸಿ ಹಾಗೇ ಹಿಡಿದುಕೊಂಡಳು.

"ಏನನ್ನ ಅಳಿಸಿದ್ದಮ್ಮಾ ಅಂತ ಸುನ್ನಿವಾ ಕೇಳಿದ್ರೆ?"

"ನಿನ್ನನ್ನೇ ಮಗಳೇ, ಅಂತೀನಿ," ಎಂದು ಓಗೋತ್ ಪತ್ರವನ್ನು ಒಂದೇ ಬೆರಳಿನಲ್ಲಿ ಒಳಗೆ ತಳ್ಳಿದಳು.